ಪ್ಲಗ್ಗಿನ ಮೇಲಿನ ಕರಿಗೆ ಮಸಿ ಅನ್ನೋದೋ, ಕಿಟ್ಟ ಅನ್ನೋದೋ?

ಎಲ್ಲರಿಗೂ ನಮಸ್ಕಾರ. ನಾನು ಕೋಲಾರ ಜಿಲ್ಲೆ ಮುಳಬಾಗಿಲು ಕಡೆಯವನು, ಟೊಮೆಟೊ ಬೆಳೆಯುತ್ತೇನೆ. ನಮ್ಮೂರಲ್ಲಿ ಈಗ ಸುಮಾರು ತೋಟಗಳಲ್ಲಿ ಒಂದಾದರೂ ಸಣ್ಣ ಪೆಟ್ರೋಲ್ ಇಂಜಿನ್ ಇದೆ. ಕೃಷಿ ಹೊಂಡದಿಂದ ನೀರೆತ್ತುವ ಪಂಪು, ಬೆನ್ನಿಗೆ ಹಾಕಿಕೊಂಡು ಔಷಧಿ ಹೊಡೆಯುವ ಸ್ಪ್ರೇಯರ್, ಕಳೆ ಕೊಚ್ಚುವ ಮಿಷನ್ನು, ಹೀಗೆ. ಜೊತೆಗೆ ಬರುವ ಪುಸ್ತಕ ಇಂಗ್ಲಿಷಲ್ಲಿರುತ್ತದೆ, ಯಾರೂ ಓದುವುದಿಲ್ಲ. ಅದಕ್ಕೇ ಶೆಡ್ಡಿನ ಗೋಡೆಗೆ ಅಂಟಿಸುವಂಥ ಒಂದು ಹಾಳೆ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಭಾಗಗಳ ಹೆಸರಿನದೇನೂ ತೊಂದರೆ ಇಲ್ಲ. ಕಿಡಿ ಹಾರಿಸುವ ಪ್ಲಗ್ಗು, ಗಾಳಿ ಸೋಸುವ ಫಿಲ್ಟರು, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರು, ಸ್ಟಾರ್ಟ್ ಮಾಡುವಾಗ ಗಾಳಿ ಮುಚ್ಚುವ ಚೋಕು, ಎಲ್ಲ ನಮ್ಮ ಮಾತೇ ಆಗಿಹೋಗಿವೆ. ಅವಕ್ಕೆ ಹೊಸ ಪದ ಕಟ್ಟಿದರೆ ಅಂಗಡಿಯಲ್ಲಿ ಸಾಮಾನು ಸಿಗುವುದಿಲ್ಲ, ಅಲ್ವಾ? ನಾನು ಸಿಕ್ಕಿಕೊಂಡಿರುವುದು ಕೊಳೆಯ ಹೆಸರಲ್ಲಿ. ಮೆಕ್ಯಾನಿಕ್ಕುಗಳು ಪ್ಲಗ್ಗಿನಲ್ಲಿ ಏನಿದ್ದರೂ ಕಾರ್ಬನ್ ಅನ್ನುತ್ತಾರೆ, ಕಾರ್ಬೊರೇಟರಲ್ಲಿ ಏನಿದ್ದರೂ ಕಚಡ ಅನ್ನುತ್ತಾರೆ. ಆದರೆ ಒಂದೊಂದು ಕೊಳೆಗೆ ಒಂದೊಂದು ಕಾರಣ, ತೆಗೆಯುವ ರೀತಿಯೂ ಬೇರೆ. ಹೆಸರು ಒಂದೇ ಆದರೆ ಓದಿದವನಿಗೆ ಏನು ಗೊತ್ತಾಗಬೇಕು?

ಮೊನ್ನೆ ಸ್ಪ್ರೇಯರ್ ಹಗ್ಗ ಎಳೆದೂ ಎಳೆದೂ ರಟ್ಟೆ ಬಿದ್ದುಹೋಯಿತು, ಸ್ಟಾರ್ಟ್ ಆಗಲಿಲ್ಲ. ಪ್ಲಗ್ ಬಿಚ್ಚಿದೆ. ತುದಿ ಕಪ್ಪಗಿತ್ತು. ಬೆರಳಲ್ಲಿ ಒರೆಸಿದರೆ ಕಪ್ಪು ಬೆರಳಿಗೆ ಬಂತು, ಆದರೆ ಒಣಗಿರಲಿಲ್ಲ, ಜಿಡ್ಡಾಗಿತ್ತು. ಅದನ್ನು ಒರೆಸಿದ ಮೇಲೆ ನೋಡಿದರೆ, ನಡುವಿನ ಕಡ್ಡಿಗೂ ಮೇಲೆ ಬಾಗಿರುವ ಕೊಕ್ಕೆಗೂ ಮಧ್ಯೆ ಉಗುರಿಗೂ ಬಾರದ ಗಟ್ಟಿ ಕರಿ ಕೂತಿತ್ತು. ಅಲ್ಲಿರುವ ಸಂದೇ 0.6 ರಿಂದ 0.7 ಮಿಲಿಮೀಟರ್, ಒಂದು ರಾಗಿ ಕಾಳೂ ತೂರುವುದಿಲ್ಲ. ಅದು ಮುಚ್ಚಿಕೊಂಡರೆ ಕಿಡಿ ಎಲ್ಲಿಂದ ಹಾರಬೇಕು? ಆಮೇಲೆ ವಿಚಾರಿಸಿದರೆ ಕೆಲಸದ ಹುಡುಗ ಇಂಜಿನ್ನಿಗೆ ಒಳ್ಳೆಯದಾಗಲಿ ಅಂತ ಲೀಟರ್ ಪೆಟ್ರೋಲಿಗೆ 20 ಮಿಲಿ ಹಾಕಬೇಕಾದ ಟೂ ಸ್ಟ್ರೋಕ್ ಆಯಿಲನ್ನು ಎರಡರಷ್ಟು ಹಾಕಿದ್ದ.

ಈಗ ನನ್ನ ಲೆಕ್ಕ ಹೀಗಿದೆ. ಬಟ್ಟೆಯಲ್ಲಿ ಒರೆಸಿದರೆ ಹೋಗುವ ಒಣ ಕಪ್ಪಿಗೆ ಮಸಿ. ಫಿಲ್ಟರ್ ಕಟ್ಟಿಕೊಂಡು ಗಾಳಿ ಸಾಲದೆ ಇದ್ದಾಗ, ಇಲ್ಲವೇ ಚೋಕ್ ಹಾಕಿ ಮರೆತಾಗ ಬರುವುದು ಇದು. ಆಯಿಲ್ ಜಾಸ್ತಿಯಾಗಿ ಬರುವ ಒದ್ದೆ ಕಪ್ಪಿಗೆ ಜಿಡ್ಡುಮಸಿ. ಸುಟ್ಟೂ ಸುಟ್ಟೂ ಗಟ್ಟಿಯಾಗಿ ಕೆರೆದರೆ ಮಾತ್ರ ಏಳುವುದಕ್ಕೆ ಕಿಟ್ಟ. ನಮ್ಮಜ್ಜಿ ದೀಪದ ಬತ್ತಿ ಮಂಕಾದರೆ "ಕಿಟ್ಟ ಕಟ್ಟಿದೆ, ತಟ್ಟು" ಅನ್ನುತ್ತಿದ್ದಳು. ಕುಲುಮೆಯಲ್ಲಿ ಕಬ್ಬಿಣದಿಂದ ಬಿಡುವ ಗಟ್ಟಿ ಕಲ್ಮಶವೂ ಕಿಟ್ಟವೇ. ಬೆಂಕಿ ಕಂಡು ಗಟ್ಟಿಯಾದ ಕೊಳೆ ಅನ್ನುವ ಅರ್ಥ ಎರಡು ಕಡೆಯೂ ಇದೆ, ಹಾಗಾಗಿ ಪ್ಲಗ್ಗಿಗೆ ಇದಕ್ಕಿಂತ ಒಳ್ಳೆಯ ಪದ ನನಗೆ ಹೊಳೆಯುತ್ತಿಲ್ಲ. ಆದರೆ ಇಪ್ಪತ್ತರ ಹುಡುಗರನ್ನು ಕೇಳಿದರೆ ಕಿಟ್ಟ ಅಂದರೆ ಕೃಷ್ಣನ ಹೆಸರು ಅಂತಾರೆ. ನಿಮ್ಮ ಕಡೆ ಈ ಮಾತು ಇನ್ನೂ ಬಳಕೆಯಲ್ಲಿದೆಯಾ?

ಪಂಪಿನ ಇಂಜಿನ್ನಿಗೆ ಆಯಿಲ್ ಬೇರೆಯಾಗಿಯೇ ಹಾಕುವುದು, ಪೆಟ್ರೋಲಿಗೆ ಬೆರೆಸುವುದಲ್ಲ. ಅದನ್ನು ಬದಲಾಯಿಸುವಾಗ ತಳದಿಂದ ಬರುವುದಕ್ಕೆ ನಾವು ಮಡ್ಡಿ ಅನ್ನುತ್ತೇವೆ, ಅದು ತೆಲುಗಲ್ಲೂ ಇರುವ ಮಾತು. ತಿಪಟೂರಿನ ನಮ್ಮ ನೆಂಟರು ಕೊಬ್ಬರಿ ಎಣ್ಣೆಯ ತಳದ್ದನ್ನು ಗಸಿ ಅಂತಾರೆ. ಎರಡರಲ್ಲಿ ಯಾವುದಾದರೂ ನಡೆಯುತ್ತದೆ. ಇಂಜಿನ್ ಬಿಸಿ ಇರುವಾಗಲೇ ಆಯಿಲ್ ಬಸಿಯಬೇಕು, ತಣ್ಣಗಾದರೆ ಮಡ್ಡಿ ತಳದಲ್ಲೇ ಉಳಿದುಬಿಡುತ್ತದೆ.

ಕಾರ್ಬೊರೇಟರಿನ ಕಚಡ ಅನ್ನುವುದರಲ್ಲೂ ಎರಡಿವೆ. ತಿಂಗಳುಗಟ್ಟಲೆ ಪೆಟ್ರೋಲ್ ಬಿಟ್ಟರೆ ಅದು ಆರಿ ಹಲಸಿನ ಮೇಣದ ಹಾಗೆ ಹಿಡಿದುಕೊಳ್ಳುತ್ತದೆ, ಅದಕ್ಕೆ ಅಂಟು ಅಂತ ಬರೆದಿದ್ದೇನೆ. ಇನ್ನೊಂದು ತೇವದಿಂದ ಬರುವುದು. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿರುತ್ತದೆ, ಅದು ನೀರು ಹೀರುತ್ತದೆ. ಪೆಟ್ರೋಲ್ ಹಾಯುವ ಸಣ್ಣ ತೂತಿನ ಜೆಟ್ ಹಿತ್ತಾಳೆಯದು, ಆದ್ದರಿಂದ ಅದಕ್ಕೆ ಹಿಡಿಯುವುದನ್ನು ತುಕ್ಕು ಅನ್ನದೆ ಕಿಲುಬು ಅನ್ನಬೇಕು ಅಂತ ನನ್ನ ವಾದ. ತುಕ್ಕು ಕಬ್ಬಿಣಕ್ಕೆ, ಕಿಲುಬು ತಾಮ್ರ ಹಿತ್ತಾಳೆಗೆ. ಹುಣಿಸೆಹಣ್ಣು ಹಾಕಿ ಚೊಂಬು ಉಜ್ಜಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಇನ್ನೊಂದು ಪದದಿಂದ ಆಗಲೇ ಒಂದು ನಷ್ಟ ಆಗಿದೆ. ಪಂಪಿನ ಏರ್ ಫಿಲ್ಟರಿನಲ್ಲಿ ಸ್ಪಂಜು ಇರುತ್ತದಲ್ಲ, ಅದನ್ನು ಸೋಪು ನೀರಲ್ಲಿ ತೊಳೆದು ಒಣಗಿಸಿ, ಹೊಸ ಇಂಜಿನ್ ಆಯಿಲಲ್ಲಿ ಅದ್ದಿ, ಹೆಚ್ಚಾದ ಆಯಿಲ್ ತೆಗೆದು ಹಾಕಬೇಕು. ಹಾಳೆಯಲ್ಲಿ ನಾನು "ಚೆನ್ನಾಗಿ ಹಿಂಡಿ" ಅಂತ ಬರೆದಿದ್ದೆ. ಪಕ್ಕದ ತೋಟದ ಅಣ್ಣ ಅದನ್ನು ಓದಿ, ಒಗೆದ ಪಂಚೆ ಹಿಂಡುವ ಹಾಗೆ ಎರಡು ಕೈಯಲ್ಲಿ ಹಿಡಿದು ತಿರುಚಿದರು, ಸ್ಪಂಜು ನಡುವೆ ಹರಿದುಹೋಯಿತು. ಅವರದು ತಪ್ಪಲ್ಲ. ನಿಂಬೆಹಣ್ಣನ್ನೂ ಹಿಂಡುತ್ತೇವೆ, ಬಟ್ಟೆಯನ್ನೂ ಹಿಂಡುತ್ತೇವೆ, ಒಂದರಲ್ಲಿ ಒತ್ತುವುದು, ಇನ್ನೊಂದರಲ್ಲಿ ತಿರುಚುವುದು. ಈಗ "ಅಂಗೈಯಲ್ಲಿಟ್ಟು ಅದುಮಿ, ತಿರುಚಬೇಡಿ" ಅಂತ ತಿದ್ದಿದ್ದೇನೆ. ಅದುಮು ಸರಿಯೋ, ಹಿಸುಕು ಇನ್ನೂ ಸರಿಯೋ?

ಹಾಗೇ ಚೋಕಿನದೂ ಕೇಳಿಬಿಡುತ್ತೇನೆ. "ಚೋಕ್ ತೆಗಿ" ಅಂದರೆ ನಮ್ಮಲ್ಲಿ ಅರ್ಧ ಜನ ಅದನ್ನು ಹಿಂದಕ್ಕೆ ತಳ್ಳುತ್ತಾರೆ, ಅರ್ಧ ಜನ ಹೊರಕ್ಕೆ ಎಳೆಯುತ್ತಾರೆ. ಸದ್ಯಕ್ಕೆ "ಗಾಳಿ ಮುಚ್ಚಿ, ಸ್ಟಾರ್ಟ್ ಆದ ಮೇಲೆ ಗಾಳಿ ಬಿಡಿ" ಅಂತ ಬರೆದಿದ್ದೇನೆ.

ತುಮಕೂರು, ಚಿಕ್ಕಬಳ್ಳಾಪುರ ಕಡೆಯವರು ನಿಮ್ಮ ಮನೆಯಲ್ಲಿ, ಗ್ಯಾರೇಜಿನಲ್ಲಿ ಕೇಳಿದ ಮಾತನ್ನೇ ಬರೆಯಿರಿ, ನಿಘಂಟಿನದು ಆಮೇಲೆ ನೋಡೋಣ. ಶ್ರೀನಿವಾಸಪುರದ ಮಾವಿನ ತೋಟದವರೂ ಹಾಳೆ ಕೇಳಿದ್ದಾರೆ. ಮಾವು ಹೂ ಬಿಟ್ಟು ಔಷಧಿ ಹೊಡೆಯೋ ಹೊತ್ತಿಗೆ ಅವರ ಕೈಲಿ ಇರಬೇಕು.