ಫೇಸ್‌ಆಫ್‌ನಲ್ಲಿ ಸೆಂಟರ್‌ನ ಎಷ್ಟು ಸಲ ಅಂತ ಹೊರಗೆ ಕಳಿಸೋದು? ಅನುಭವ ಇರುವವರು ಹೇಳಿ

ಪ್ರಶ್ನೆ: ಐಸ್ ಹಾಕಿಯಲ್ಲಿ ಲೈನ್ಸ್‌ಮನ್ (ಗೆರೆ ನೋಡುವ, ಫೇಸ್‌ಆಫ್ ಮಾಡಿಸುವ ತೀರ್ಪುಗಾರ) ಆಗಿ ಇದು ನನ್ನ ಮೊದಲ ಸೀಸನ್. ಫೇಸ್‌ಆಫ್ ಅಂದರೆ ಎರಡು ತಂಡದ ಸೆಂಟರ್‌ಗಳು (ನಡುವಿನ ಆಟಗಾರರು) ಎದುರುಬದುರು ನಿಂತಾಗ ನಡುವೆ ಪಕ್ (ಚಪ್ಪಟೆ ರಬ್ಬರ್ ಬಿಲ್ಲೆ) ಬಿಟ್ಟು ಆಟ ಶುರು ಮಾಡೋದು; ತಪ್ಪು ಮಾಡಿದರೆ ಆ ಸೆಂಟರ್‌ನ ಹೊರಗೆ ಕಳಿಸಿ ಅವನ ತಂಡದ ಇನ್ನೊಬ್ಬನನ್ನು ನಿಲ್ಲಿಸಬೇಕು. ನಮ್ಮದು ಹವ್ಯಾಸಿ ಲೀಗು, ಆದರೆ ನಿಯಮ ಎಲ್ಲ ಎನ್‌ಎಚ್‌ಎಲ್‌ನದೇ (ಉತ್ತರ ಅಮೆರಿಕದ ದೊಡ್ಡ ವೃತ್ತಿಪರ ಲೀಗು). ನಿನ್ನೆ ಒಂದೇ ಪೀರಿಯಡ್‌ನಲ್ಲಿ ಏಳು ಸಲ ಸೆಂಟರ್‌ಗಳನ್ನು ಹೊರಗೆ ಕಳಿಸಿದೆ, ಎರಡೂ ಬೆಂಚಿನಿಂದ ಬೈಗುಳ. ಬಿಟ್ಟರೆ ಮೋಸ ಮಾಡ್ತಾರೆ, ಹಿಡಿದರೆ ಆಟ ಮುಂದಕ್ಕೇ ಹೋಗಲ್ಲ. ನೀವೆಲ್ಲ ಏನು ಮಾಡ್ತೀರಿ?

ಹಳೇ ಲೈನ್ಸ್‌ಮನ್: ನನಗೂ ಶುರುವಿನಲ್ಲಿ ಇದೇ ಗೋಳು. ಏಳರಲ್ಲಿ ಎಷ್ಟು ಸಲ ತಪ್ಪು ಸೆಂಟರ್‌ದೇ ಆಗಿತ್ತು, ನೆನಪು ಮಾಡಿಕೊಳ್ಳಿ. ಅರ್ಧಕ್ಕಿಂತ ಜಾಸ್ತಿ ಸಲ ಪಕ್ ಬೀಳೋ ಮೊದಲೇ ವೃತ್ತದೊಳಗೆ ನುಗ್ಗಿದ್ದು ವಿಂಗರ್ (ಸೆಂಟರ್‌ನ ಪಕ್ಕದಲ್ಲಿ ಆಡುವವನು), ಹೊರಗೆ ಹೋಗೋದು ಪಾಪ ಸೆಂಟರ್. ಅವನಿಗೆ ಕಾರಣ ಹೇಳದೆ ಸುಮ್ನೆ ಕೈ ತೋರಿಸಿ ಕಳಿಸಿದರೆ ಸಿಟ್ಟು ಬಂದೇ ಬರುತ್ತೆ. ನಾನು "ನಿಮ್ಮ ಎಡಗಡೆಯವನು ಒಳಗೆ ಬಂದ" ಅಂತ ಅಷ್ಟೇ ಹೇಳ್ತೇನೆ. ಆಮೇಲೆ ವಿಂಗರ್‌ಗೆ ಅವನೇ ಬೈದುಕೊಳ್ಳುತ್ತಾನೆ, ನನ್ನ ಕೆಲಸ ಉಳಿಯಿತು.

ಸ್ಟಿಕ್ ಇಡೋ ಸರದಿಯಲ್ಲಿ ಮಾತ್ರ ಮೊದಲ ನಿಮಿಷದಿಂದಲೇ ಬಿಗಿ ಇರಲಿ. ಮಧ್ಯದ ಚುಕ್ಕೆಯಲ್ಲಿ ಪ್ರವಾಸಿ ತಂಡದವನು ಮೊದಲು, ಉಳಿದ ಎಂಟು ಚುಕ್ಕೆಗಳಲ್ಲಿ ಆ ಅರ್ಧದ ಗೋಲು ಯಾರದೋ ಆ ತಂಡದ ಸೆಂಟರ್ ಮೊದಲು, 2015–16ರ ಸೀಸನ್‌ನಿಂದ ಹೀಗೇ ಇದೆ. ಎರಡನೆಯವನು ಸ್ಟಿಕ್ ಗಾಳಿಯಲ್ಲಿ ಆಡಿಸುತ್ತಾ ನಿಂತರೆ ಕಾಯಬೇಡಿ, ಕಳಿಸಿ. ಅದೇ ಫೇಸ್‌ಆಫ್‌ನಲ್ಲಿ ಅದೇ ತಂಡದವರು ಮತ್ತೆ ತಪ್ಪಿದರೆ ಬೆಂಚ್ ಮೈನರ್, ಅಂದರೆ ಇಡೀ ತಂಡಕ್ಕೆ ಶಿಕ್ಷೆ, ಎರಡು ನಿಮಿಷ ಒಬ್ಬ ಆಟಗಾರ ಕಡಿಮೆ. ಅಲ್ಲಿಗೆ ಎಲ್ಲರ ಸ್ಟಿಕ್ ತಾನಾಗಿ ಕೆಳಗೆ ಬರುತ್ತೆ ಬಿಡಿ.

ಸೆಂಟರ್ ಆಡುವವನು: ನಮ್ಮ ಕಡೆಯ ಮಾತೂ ಕೇಳಿ. ನಾವು ಪಕ್ ನೋಡಲ್ಲ, ನಿಮ್ಮ ಕೈ ನೋಡ್ತೇವೆ. ಕೆಲವು ಲೈನ್ಸ್‌ಮನ್‌ಗಳಿಗೆ ಪಕ್ ಬಿಡೋ ಮೊದಲು ಭುಜ ಒಂದು ಚೂರು ಮೇಲೇಳುತ್ತೆ, ಅದು ಒಮ್ಮೆ ಕಣ್ಣಿಗೆ ಬಿತ್ತು ಅಂದರೆ ಇಡೀ ಆಟ ನಾವು ಅರ್ಧ ಸೆಕೆಂಡ್ ಮೊದಲೇ ಹೊರಟಿರುತ್ತೇವೆ, ನೀವು ಕಳಿಸುತ್ತಲೇ ಇರುತ್ತೀರಿ. ಕನ್ನಡಿ ಮುಂದೆ ಒಮ್ಮೆ ನಿಂತು ನೋಡಿಕೊಳ್ಳಿ. ಇನ್ನೊಂದು, ಪಾದ ಗೆರೆ ದಾಟಿದ್ದನ್ನ ಮೊದಲ ಪೀರಿಯಡ್‌ನಲ್ಲಿ ಹಿಡಿದು ಮೂರನೇದರಲ್ಲಿ ಬಿಟ್ಟರೆ ನಮಗೆ ಉರಿಯುತ್ತೆ. ಹಿಡಿದರೆ ಕೊನೇವರೆಗೂ ಹಿಡಿಯಿರಿ.

ಇನ್ನೊಬ್ಬರು: ಬೇಜಾರು ಮಾಡ್ಕೋಬೇಡಿ. 2017ರ ಪ್ರೀ-ಸೀಸನ್‌ನಲ್ಲಿ ಎನ್‌ಎಚ್‌ಎಲ್‌ನಲ್ಲೇ ಇದನ್ನ ಬಿಗಿ ಮಾಡಿದಾಗ ದೊಡ್ಡ ದೊಡ್ಡ ಸೆಂಟರ್‌ಗಳೇ ಸಾಲಾಗಿ ಹೊರಗೆ ಹೋಗಿ ಗೊಣಗಿದ್ದರು.

ಪ್ರಶ್ನೆ ಕೇಳಿದವನು: ಭುಜದ ವಿಷಯ ಯಾರೂ ಹೇಳಿರಲಿಲ್ಲ, ಇವತ್ತೇ ನೋಡ್ತೇನೆ. ಐಸಿಂಗ್ (ತಮ್ಮ ಅರ್ಧದಿಂದ ಹೊಡೆದ ಪಕ್ ಯಾರಿಗೂ ತಾಗದೆ ಎದುರಾಳಿಯ ಗೋಲು ಗೆರೆ ದಾಟೋದು) ಆದಮೇಲೆ ಬೇಕಂತಲೇ ತಪ್ಪು ಮಾಡಿ ಉಸಿರು ತಗೊಳ್ತಾರಲ್ಲ, ಅವರನ್ನೂ ಕಳಿಸಬೇಕಾ?

ಹಳೇ ಲೈನ್ಸ್‌ಮನ್: ಬೇಡ, ಅವರಿಗೆ ಬೇಕಾಗಿರೋದೇ ಅದು. ಐಸಿಂಗ್ ಮಾಡಿದ ತಂಡದ ಸೆಂಟರ್‌ಗೆ ಮೊದಲ ತಪ್ಪಿಗೆ ಎಚ್ಚರಿಕೆ ಅಷ್ಟೇ, ಅವನೇ ನಿಲ್ಲಬೇಕು. ಎರಡನೇದಕ್ಕೆ ನೇರ ಪೆನಾಲ್ಟಿ.