ಸಮಸ್ಯೆ: ‘ಕೈಯಿದ್ದು ಕೈಯಿಲ್ಲದಂತಾದನೊಡೆಯ’

ಲಘುಗುರು:
ಗೆಳೆಯರೇ, ಈ ವಾರದ ಸಮಸ್ಯೆ ನನ್ನ ಪಾಲಿಗೆ ಬಂದಿದೆ. ಪದ್ಯದ ಕೊನೆಯ ಪಾದ ನಾನು ಕೊಡುತ್ತೇನೆ, ಮೊದಲ ಮೂರನ್ನು ಬರೆದು ನೀವು ಪೂರಣ ಮಾಡಬೇಕು. ಎರಡು ತಿಂಗಳಿಂದ ರಾತ್ರಿ ಊಟ ಮುಗಿದ ಮೇಲೆ ನಾನೂ ನಮ್ಮ ಮನೆಯವರೂ ‘ಡೌನ್‌ಟನ್ ಅಬ್ಬೆ’ ನೋಡುತ್ತಿದ್ದೆವು. 2010ರಿಂದ 2015ರವರೆಗೆ ಇಂಗ್ಲೆಂಡಿನ ಐಟಿವಿಯಲ್ಲಿ ಬಂದ ಧಾರಾವಾಹಿ. ಆರು ಸರಣಿ, 52 ಕಂತು. ಯಾರ್ಕ್‌ಷೈರಿನ ಒಂದು ದೊಡ್ಡ ಮನೆ, ಮೇಲಂತಸ್ತಿನಲ್ಲಿ ಅರ್ಲ್ ಬಿರುದಿನ ಮನೆತನ, ನೆಲಮಾಳಿಗೆಯಲ್ಲಿ ಊಳಿಗದವರು. 1912ರ ಏಪ್ರಿಲ್‌ನಲ್ಲಿ ಟೈಟಾನಿಕ್ ಮುಳುಗಿದ ಸುದ್ದಿಯೊಂದಿಗೆ ಶುರುವಾಗುವ ಕಥೆ 1925ರ ಕೊನೆಯ ರಾತ್ರಿಗೆ ನಿಲ್ಲುತ್ತದೆ.

ಮೊದಲ ಕಂತಿನ ಒಂದು ಸಣ್ಣ ದೃಶ್ಯ ನನ್ನನ್ನು ಬಿಡಲೇ ಇಲ್ಲ. ಬೆಳಗಿನ ಪತ್ರಿಕೆಗೆ ಇಸ್ತ್ರಿ ಹಾಕುತ್ತಿದ್ದಾರೆ. ಬಟ್ಟೆಗಲ್ಲ, ಪತ್ರಿಕೆಗೆ! ಅಡುಗೆಮನೆಯ ಹುಡುಗಿ ಡೇಸಿ ‘ಯಾಕೆ?’ ಅಂತ ಕೇಳುತ್ತಾಳೆ. ಮಸಿ ಒಣಗಲಿ ಅಂತ, ದೊರೆಯ ಕೈ ನಿನ್ನ ಕೈಯಷ್ಟು ಕಪ್ಪಾಗಬಾರದು ಅಂತ ಉತ್ತರ ಬರುತ್ತದೆ. ಆಮೇಲೆ ಇಡೀ ಧಾರಾವಾಹಿಯಲ್ಲಿ ನಾನು ಮುಖಕ್ಕಿಂತ ಹೆಚ್ಚಾಗಿ ಕೈಗಳನ್ನೇ ನೋಡಿದೆ. ಈ ಪಾದ ಹುಟ್ಟಿದ್ದು ಅಲ್ಲಿಂದ:

ಕೈಯಿದ್ದು ಕೈಯಿಲ್ಲದಂತಾದನೊಡೆಯ

ಪಂಚಮಾತ್ರೆಯ ಚೌಪದಿ, ಇದು ನಾಲ್ಕನೆಯ ಪಾದ. ಕೈಯಿದ್ದು | ಕೈಯಿಲ್ಲ | ದಂತಾದ | ನೊಡೆಯ. ಒಂದು ಮತ್ತು ಮೂರನೆಯ ಪಾದಕ್ಕೆ ನಾಲ್ಕು ಗಣ, ಎರಡನೆಯದಕ್ಕೆ ಮೂರು ಗಣ, ಮೇಲೆ ಮೂರು ಮಾತ್ರೆ. ಆದಿಪ್ರಾಸ ಯಕಾರ, ಅಂದರೆ ಪ್ರತಿ ಪಾದದ ಎರಡನೆಯ ಅಕ್ಷರ ‘ಯ’ದ್ದು. ಪೂರಣ ಆ ಮನೆಯ ಒಳಗೇ ನಡೆಯಲಿ. ನಮ್ಮ ಅರಸರನ್ನೂ ಪಾಳೇಗಾರರನ್ನೂ ದಯವಿಟ್ಟು ಎಳೆದು ತರಬೇಡಿ.

ದಾರಿ ತೋರಿಸಲು ಸುಲಭದ್ದೊಂದನ್ನು ನಾನೇ ಹೇಳುತ್ತೇನೆ:

ಮೈಯುಡುಪು ತೊಡಿಸುವರು, ಗುಂಡಿಗಳ ಹಾಕುವರು
ಬಾಯ ತೆರೆಯುವ ಮುನ್ನ ಚಹವೆದುರಿಗುಂಟು
ಆಯಾಸವಿಲ್ಲದೆಯೆ ಹತ್ತು ಬೆರಳಿಗು ನಿದ್ದೆ
ಕೈಯಿದ್ದು ಕೈಯಿಲ್ಲದಂತಾದನೊಡೆಯ

ಕಂದಪ್ರಿಯೆ:
ಸಮಸ್ಯೆ ಚೆನ್ನಾಗಿದೆ ರಾಯರೇ. ಆದರೆ ಮೊದಲ ಅರ್ಥ ಪಾದದಲ್ಲೇ ಕೂತಿದೆ, ಅದನ್ನು ಬಿಡಿಸಲು ಕಷ್ಟವಿಲ್ಲ. ನಾನು ಆಸ್ತಿಯ ಕಡೆಗೆ ತಿರುಗಿಸಿದೆ. ನೋಡಿದವರಿಗೆ ನೆನಪಿರಬಹುದು, ಕಥೆಯ ಗಂಟೇ ‘ಎಂಟೇಲ್’ ಎಂಬ ಕಟ್ಟು. ಮನೆ, ಜಮೀನು, ಬಿರುದು ಎಲ್ಲ ವಂಶದ ಗಂಡು ವಾರಸುದಾರನಿಗೇ ಹೋಗಬೇಕು. ಮನೆಯ ದೊರೆ ಲಾರ್ಡ್ ಗ್ರಾಂಥಮ್‌ಗೆ ಇರುವುದು ಮೂವರು ಹೆಣ್ಣುಮಕ್ಕಳು. ವಾರಸುದಾರರಾಗಿದ್ದ ತಂದೆ ಮಗ ಇಬ್ಬರೂ ಟೈಟಾನಿಕ್‌ನಲ್ಲಿ ಹೋದರು. ಹೆಂಡತಿ ಕೋರಾ ಅಮೆರಿಕದಿಂದ ತಂದ ಹಣ ಕೂಡ ಅದೇ ಕಟ್ಟಿನೊಳಗೆ ಸೇರಿಹೋಗಿದೆ. ಅದನ್ನು ಬಿಡಿಸಿ ಹಿರಿಮಗಳು ಮೇರಿಗೆ ಕೊಡಲು ಅಪ್ಪನಿಗೆ ಆಗುವುದಿಲ್ಲ.

ನ್ಯಾಯಾಲಯದ ಹಳೆಯ ಶಾಸನದ ಕಟ್ಟಿನೊಳು
ಮಾಯವಾಯಿತು ಮಡದಿ ತಂದ ಸಿರಿಯೆಲ್ಲ
ಕಾಯಬೇಕಾದ ಮಗಳೆದುರಲ್ಲಿ ನಿಂತಿರಲು
ಕೈಯಿದ್ದು ಕೈಯಿಲ್ಲದಂತಾದನೊಡೆಯ

ಲಘುಗುರು:
ಬಹಳ ಸೊಗಸು ಅಕ್ಕಾ. ‘ಮಾಯವಾಯಿತು ಮಡದಿ’ ಅಂತ ಓದುವಾಗ ಒಂದು ಕ್ಷಣ ಮಡದಿಯೇ ಮಾಯವಾದಳೇನೋ ಅನ್ನಿಸಿ, ಮುಂದಿನ ಗಣದಲ್ಲಿ ಸಿರಿ ಅಂತ ತಿಳಿಯುತ್ತದೆ. ಆ ಮನೆಯಲ್ಲಿ ಕೋರಾಳ ಸ್ಥಿತಿಯೂ ಹಾಗೇ ಅಲ್ಲವೇ?

ಹೊಸಬ:
ನಮಸ್ಕಾರ. ಇಲ್ಲಿ ಇದು ನನ್ನ ಮೊದಲ ಪ್ರಯತ್ನ. ನಾನು ಆರಿಸಿದ್ದು ಊಳಿಗದವರಲ್ಲೊಬ್ಬ ಥಾಮಸ್ ಬ್ಯಾರೋನನ್ನು. ಯುದ್ಧಕ್ಕೆ ಹೋದವನು ಕಂದಕದಲ್ಲಿ ಕೂತು, ಸಿಗರೇಟ್ ಲೈಟರ್ ಹಚ್ಚಿ ಕೈಯನ್ನು ಬೇಕೆಂದೇ ಮೇಲೆ ಎತ್ತುತ್ತಾನೆ. ಆಚೆಯವರ ಗುಂಡು ಅಂಗೈಗೆ ಬೀಳುತ್ತದೆ, ಮನೆಗೆ ಕಳಿಸುತ್ತಾರೆ. ಮುಂದೆ ಆ ಕೈಗೆ ಗವಸು. ಅವನನ್ನು ಕೇಡಿಗ ಅಂತ ಬೈದುಕೊಂಡು ನೋಡುತ್ತಿದ್ದ ನನಗೆ ಆ ದೃಶ್ಯದಲ್ಲಿ ಉಸಿರು ಕಟ್ಟಿತು.

ಭಯದಿಂದ ಕಂದಕದಿ ಕಿಡಿಯ ಮೇಲೆತ್ತಿದನು
ಗಾಯವೇ ವರವಾಗಿ ಮನೆಗೆ ಮರಳಿದನು
ಪ್ರಾಯದಲಿ ತನ್ನ ಬಾಳಿಗೆ ತಾನೆ ದೊರೆಯೆಂದ
ಕೈಯಿದ್ದು ಕೈಯಿಲ್ಲದಂತಾದನೊಡೆಯ

ಗಮಕಿ:
ಬನ್ನಿ ಬನ್ನಿ, ಮೊದಲ ಪ್ರಯತ್ನಕ್ಕೆ ಇದು ತುಂಬಾ ಒಳ್ಳೆಯದು. ‘ಒಡೆಯ’ ಅಂದರೆ ಅರ್ಲ್ ಅಂತಲೇ ಎಲ್ಲರೂ ಹಿಡಿದುಕೊಂಡಿದ್ದಾಗ ನೀವು ತನ್ನ ಬಾಳಿಗೆ ತಾನೇ ಒಡೆಯ ಅಂದಿರಿ. ಒಂದೇ ಒಂದು ತೊಡಕು. ಮೊದಲ ಪಾದದಲ್ಲಿ ಮಾತ್ರೆ ಸರಿ ಇದೆ, ಪ್ರಾಸದ ಯಕಾರವೂ ಇದೆ. ಆದರೆ ‘ಭ’ ಲಘು, ಒಂದೇ ಮಾತ್ರೆ. ಸಮಸ್ಯೆಯಲ್ಲಿ ‘ಕೈ’ ಗುರು, ಎರಡು ಮಾತ್ರೆ. ಪ್ರಾಸಾಕ್ಷರದ ಹಿಂದಿನದು ಗುರುವಾದರೆ ನಾಲ್ಕೂ ಪಾದದಲ್ಲಿ ಗುರುವೇ ಇರಬೇಕು. ಹೀಗೆ ಮಾಡಿ ನೋಡಿ:

ಸಾಯಲೊಲ್ಲದೆ ಕಿಡಿಯ ಕಂದಕದೊಳೆತ್ತಿದನು

ಹೊಸಬ:
ತಿದ್ದಿಕೊಂಡೆ ಸರ್. ‘ಭಯದಿಂದ’ ಅನ್ನುವುದಕ್ಕಿಂತ ‘ಸಾಯಲೊಲ್ಲದೆ’ ಅನ್ನುವುದೇ ಅವನಿಗೆ ನ್ಯಾಯ. ಪ್ರಾಸ ತಪ್ಪಿದ್ದರಿಂದ ಅರ್ಥವೂ ನೆಟ್ಟಗಾಯಿತು.

ಮಂದಾನಿಲ:
ನಾನು ಬರೆಯಬಾರದು ಅಂದುಕೊಂಡಿದ್ದೆ. ಕಿರಿಮಗಳು ಸಿಬಿಲ್ ತೀರಿಕೊಳ್ಳುವ ಕಂತನ್ನು ಎರಡನೇ ಸಲ ನೋಡಲು ನನ್ನಿಂದ ಆಗಿಲ್ಲ. ನಮ್ಮ ಅಕ್ಕನಿಗೆ ಬಸುರಿಯಲ್ಲಿ ರಕ್ತದೊತ್ತಡ ಏರಿ, ಒಂದು ರಾತ್ರಿಯೆಲ್ಲ ಆಸ್ಪತ್ರೆಯ ಹೊರಗೆ ನಿಂತಿದ್ದೆವು. ದೇವರ ದಯೆ, ಅಕ್ಕ ಉಳಿದಳು. ಕಥೆಯಲ್ಲಿ 1920ನೇ ಇಸವಿ. ಊರಿನ ಡಾಕ್ಟರ್ ಕ್ಲಾರ್ಕ್‌ಸನ್ ಕಾಲು ಊದಿದ್ದು, ಮಾತು ತಡವರಿಸುವುದು ಎಲ್ಲ ನೋಡಿ, ನಂಜು ಏರುವ ಲಕ್ಷಣ, ಕೂಡಲೇ ಆಸ್ಪತ್ರೆಗೆ ಒಯ್ದು ಶಸ್ತ್ರಚಿಕಿತ್ಸೆ ಮಾಡೋಣ ಅನ್ನುತ್ತಾನೆ. ಲಂಡನ್ನಿನಿಂದ ಕರೆಸಿದ ಬಿರುದಾಂಕಿತ ವೈದ್ಯ ಏನೂ ಇಲ್ಲ ಅನ್ನುತ್ತಾನೆ. ತಂದೆ ಬಿರುದನ್ನು ನಂಬುತ್ತಾನೆ. ಹೆರಿಗೆ ಆಗುತ್ತದೆ, ಎಲ್ಲರೂ ಮಲಗುತ್ತಾರೆ, ಆಮೇಲೆ ಸೆಳೆತ ಶುರುವಾಗುತ್ತದೆ. ಇಬ್ಬರು ವೈದ್ಯರೂ ಮಂಚದ ಪಕ್ಕದಲ್ಲೇ ಇದ್ದಾರೆ, ಯಾರಿಂದಲೂ ಏನೂ ಆಗುವುದಿಲ್ಲ.

ತಾಯಾದ ರಾತ್ರಿಯಲೆ ಮಗಳುಸಿರು ನಿಲ್ಲುತಿದೆ
ಸಾಯದಿರು ಸಿಬಿಲೆಂದು ತಾಯಿಯಳಲೊಂದು
ಬಾಯಿ ದೊಡ್ಡವನ ನುಡಿ ನಂಬಿ ನಿಂತಿಹ ತಂದೆ
ಕೈಯಿದ್ದು ಕೈಯಿಲ್ಲದಂತಾದನೊಡೆಯ

ಕಂದಪ್ರಿಯೆ:
ಇದಕ್ಕೆ ‘ಚೆನ್ನಾಗಿದೆ’ ಅಂತ ಹೇಗೆ ಬರೆಯಲಿ? ಓದಿ ಸುಮ್ಮನೆ ಕೂತೆ. ನಿಮ್ಮ ಅಕ್ಕ ಚೆನ್ನಾಗಿರಲಿ.

ಗಮಕಿ:
ನನ್ನ ಪೂರಣ ಬಟ್ಲರ್ ಕಾರ್ಸನ್ ಬಗ್ಗೆ. ಒಂದು ವಿಷಯ ಗಮನಿಸಿದ್ದೀರಾ? ಊಟ ಬಡಿಸುವ ಫುಟ್‌ಮನ್‌ಗಳ ಕೈಗೆ ಬಿಳಿ ಗವಸು, ದ್ರಾಕ್ಷಾರಸ ಸುರಿಯುವ ಕಾರ್ಸನ್‌ದು ಬರಿಗೈ. ಆ ಬರಿಗೈಯ ನಿಲುವೇ ಅವನ ಅಧಿಕಾರ. ಕೊನೆಯ ಕಂತಿನಲ್ಲಿ ಆ ಕೈ ನಡುಗತೊಡಗುತ್ತದೆ. ಅಪ್ಪನಿಗೂ ಅಜ್ಜನಿಗೂ ಇದ್ದ ಕಾಯಿಲೆ ಅಂತ ಅವನೇ ಹೇಳುತ್ತಾನೆ. ಮದುವೆ ಮನೆಯ ಸಂಭ್ರಮದ ನಡುವೆ ಸುರಿಯಲು ಹೋಗಿ ಆಗದೆ ನಿಂತಾಗ, ಅವನ ಜಾಗಕ್ಕೆ ಬರುವವನು ಯಾರು? ನಮ್ಮ ಹೊಸಬರು ಹಾಡಿದ ಅದೇ ಥಾಮಸ್, ಗುಂಡು ತಿಂದ ಕೈಯವನು!

ಹಾಯಾಗಿ ಮಧು ಸುರಿದ ಹಸ್ತ ನಡುಗುತಲಿಹುದು
ಛಾಯೆಯಂತಜ್ಜನಿಂ ಬಂದುದೀ ರೋಗ
ಆಯುವೆಲ್ಲವನಿದಕೆ ಸವೆಸಿದಾ ಕೆಳಮನೆಯ
ಕೈಯಿದ್ದು ಕೈಯಿಲ್ಲದಂತಾದನೊಡೆಯ

‘ಕೆಳಮನೆಯ’ ಎಂಬುದನ್ನು ‘ಒಡೆಯ’ನ ಜೊತೆ ಕೂಡಿಸಿ ಅನ್ವಯಿಸಿಕೊಳ್ಳಿ. ದೂರಾನ್ವಯವಾಯಿತು, ನನಗೇ ಸಮಾಧಾನವಿಲ್ಲ. ಆದರೆ ಕಾರ್ಸನ್‌ನನ್ನು ಒಡೆಯ ಅನ್ನದೆ ಬಿಡಲು ಮನಸ್ಸು ಬರಲಿಲ್ಲ.

ಲಘುಗುರು:
ಈ ದೂರಾನ್ವಯ ಇರಲಿ ಬಿಡಿ. ನಡುವೆ ಬಂದ ‘ಕೈಯಿದ್ದು ಕೈಯಿಲ್ಲದ’ ಸ್ಥಿತಿಯೇ ಅವನನ್ನು ಅವನ ಮನೆಯಿಂದ ದೂರ ಮಾಡಿದ್ದಲ್ಲವೇ.

ನಾನು ಬಹಳ ದಿನ ತಲೆಯಲ್ಲಿಟ್ಟುಕೊಂಡಿದ್ದ ಒಂದನ್ನು ಈಗ ಹಾಕುತ್ತೇನೆ. ಮ್ಯಾಂಚೆಸ್ಟರಿನಲ್ಲಿ ವಕೀಲಿ ಮಾಡಿಕೊಂಡಿದ್ದ ಮ್ಯಾಥ್ಯೂ ಏಕಾಏಕಿ ವಾರಸುದಾರನಾಗಿ ಬರುತ್ತಾನೆ. ಅಂಗಿ ತೊಡಿಸಲು ಮೋಸ್ಲಿ ಬಂದರೆ ನಾನೇ ಹಾಕಿಕೊಳ್ಳುತ್ತೇನೆ, ದೊಡ್ಡ ಗಂಡಸಿಗೆ ಇದೆಂಥ ಕೆಲಸ ಅಂದುಬಿಡುತ್ತಾನೆ. ಮೋಸ್ಲಿಯ ಮುಖ ಬಾಡುತ್ತದೆ. ತಪ್ಪು ಮಾಡದವನ ಅನ್ನ ಕಿತ್ತುಕೊಳ್ಳುವುದು ಸರಿಯೇ ಅಂತ ಗ್ರಾಂಥಮ್ ಕೇಳಿದ ಮೇಲೆ ಮ್ಯಾಥ್ಯೂ ಮೆತ್ತಗಾಗಿ, ತೋಳಿನ ಗುಂಡಿ ಯಾವುದು ಹಾಕಲಿ ಅಂತ ಮೋಸ್ಲಿಯನ್ನೇ ಕೇಳುತ್ತಾನೆ.

ಕಾಯಕವ ಕಸಿದುಕೊಳೆ ಮಾನವನೆ ಕಸಿದಂತೆ
ನೋಯದಿರಲೀ ಬಡವ ತನ್ನ ದೆಸೆಯಿಂದ
ಆಯಿತೆಂದಂಗಿ ತೋಳೊಡ್ಡಿ ನಗುತಲಿ ನಿಂತು
ಕೈಯಿದ್ದು ಕೈಯಿಲ್ಲದಂತಾದನೊಡೆಯ

ಕಂದಪ್ರಿಯೆ:
ಪದ್ಯ ಒಪ್ಪಿದೆ, ‘ಕಾಯಕ’ ಎಂಬ ಮಾತನ್ನು ಅಲ್ಲಿ ಒಪ್ಪಲಾರೆ. ಇನ್ನೊಬ್ಬರ ಗುಂಡಿ ಹಾಕುವುದೇ ಒಬ್ಬನ ಮಾನವಾಗುವಂತೆ ಲೋಕವನ್ನು ಕಟ್ಟಿಟ್ಟು, ಆಮೇಲೆ ಅದನ್ನು ಉಳಿಸಿಕೊಟ್ಟದ್ದು ದಯೆ ಅಂದರೆ ಹೇಗೆ? ಧಾರಾವಾಹಿಯ ಬಗ್ಗೆ ನನ್ನ ದೊಡ್ಡ ದೂರೇ ಇದು. ಯಜಮಾನರು ಬೇಕಾದ ಕಡೆಯಲ್ಲೆಲ್ಲ ಒಳ್ಳೆಯವರಾಗಿಬಿಡುತ್ತಾರೆ. ಅಡುಗೆಯ ಮಿಸೆಸ್ ಪ್ಯಾಟ್‌ಮೋರ್ ಕಣ್ಣಿಗೆ ಪೊರೆ ಬಂದರೆ ದೊರೆಯೇ ಲಂಡನ್ನಿಗೆ ಕಳಿಸುತ್ತಾನೆ. ಎಲ್ಲ ಮನೆಯಲ್ಲೂ ಹೀಗೇ ನಡೆಯುತ್ತಿತ್ತೇ? ನಿಮ್ಮ ಮೋಸ್ಲಿಯ ಮಾನ ನನಗೆ ಕಂಡದ್ದು ಬಹಳ ಆಮೇಲೆ, ಪರೀಕ್ಷೆ ಬರೆದು ಹಳ್ಳಿಯ ಶಾಲೆಯಲ್ಲಿ ಮೇಷ್ಟ್ರಾದಾಗ. ಗುಂಡಿ ಹಾಕುತ್ತಿದ್ದ ಕೈಗೆ ಸೀಮೆಸುಣ್ಣ ಬಂತಲ್ಲ, ಆವತ್ತು ನಾನು ಅತ್ತೆ.

ಲಘುಗುರು:
ಒಪ್ಪಿದೆ ಅಕ್ಕಾ. ಪದ್ಯ ತೆಗೆಯುವುದಿಲ್ಲ, ನಿಮ್ಮ ಮಾತು ಅದರ ಕೆಳಗೇ ಇರಲಿ.

ಮಂದಾನಿಲ:
ಅಕ್ಕ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಮೇಲಂತಸ್ತಿನ ಚಿತ್ರೀಕರಣ ಹ್ಯಾಂಪ್‌ಷೈರಿನ ಹೈಕ್ಲಿಯರ್ ಕಾಸಲ್‌ನಲ್ಲಿ ನಡೆದದ್ದು. ಟುಟಂಖಾಮನ್ ಸಮಾಧಿಯ ಶೋಧಕ್ಕೆ ಹಣ ಕೊಟ್ಟ ಕಾರ್ನಾರ್ವನ್ ಮನೆತನದ ಅರಮನೆ ಅದು. ಆದರೆ ಅಡುಗೆಮನೆ, ಆಳುಗಳ ಊಟದ ಕೋಣೆ, ಗಂಟೆಗಳ ಸಾಲು ಇವೆಲ್ಲ ಲಂಡನ್ನಿನ ಈಲಿಂಗ್ ಸ್ಟುಡಿಯೋದಲ್ಲಿ ಹಾಕಿದ ಸೆಟ್. ಕೆಳಗಿನಿಂದ ಫುಟ್‌ಮನ್ ತಟ್ಟೆ ಹಿಡಿದು ಮೆಟ್ಟಿಲು ಹತ್ತಿದರೆ, ಅವನು ಬಾಗಿಲು ದಾಟಿ ಕಾಲಿಡುವುದು ಬೇರೆ ಊರಿನಲ್ಲಿ. ಇದು ತಿಳಿದ ಮೇಲೆ ಆ ಬಾಗಿಲನ್ನು ನೋಡಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಇನ್ನೊಂದು ಮಾತು ಲಘುಗುರುಗಳೇ. ಇಷ್ಟು ಪೂರಣ ಬಂದರೂ ಡೇಸಿ ಒಂದರಲ್ಲೂ ಇಲ್ಲ. ಸಮಸ್ಯೆ ಹುಟ್ಟಿದ್ದೇ ಅವಳ ಕಪ್ಪು ಕೈಯಿಂದ ಅಂದಿರಿ. ನಿಮ್ಮ ಪಾದವೋ ‘ಒಡೆಯ’ ಅಂತ ಮುಗಿಯುತ್ತದೆ. ಅವಳು ಎಲ್ಲಿ ಕೂರಬೇಕು?

ಲಘುಗುರು:
ನಿಜ. ಆ ಕೈಯನ್ನು ನೋಡಿ ಬರೆಯಲು ಕೂತವನು ದೊರೆಯ ಕೈಯನ್ನೇ ಬರೆದೆ. ಪಾದವನ್ನು ನೀವೇ ಬದಲಿಸಿ ಕೊಡಿ.

ಮಂದಾನಿಲ:
ಅದೇ ಪ್ರಾಸ, ಅದೇ ಗಣ:

ಕೈಯಷ್ಟೆ ಕಂಡಿತ್ತು, ಕಾಣಳಾ ಹುಡುಗಿ

ಹೊಸಬ:
ನಾನು ಪ್ರಯತ್ನಿಸಲೇ? ಈ ಸಲ ನಾಲ್ಕೂ ಪಾದದ ಮೊದಲ ಅಕ್ಷರ ಎರಡೆರಡು ಸಲ ನೋಡಿಕೊಂಡಿದ್ದೇನೆ.

ಕಾಯಿಸಿದ ಕೋಣೆಯಲಿ ಕಣ್ತೆರೆವರೊಡತಿಯರು
ಬಾಯ ತೆರೆಯುವ ಕೋಳಿಗಿಂತ ಮೊದಲೆದ್ದು
ನೋಯುತಿಹ ಮಂಡಿಯೂರಿದಳಿಲ್ಲಿ ಬೂದಿಯೊಳು
ಕೈಯಷ್ಟೆ ಕಂಡಿತ್ತು, ಕಾಣಳಾ ಹುಡುಗಿ

ಗಮಕಿ:
ಮೊದಲ ದಿನ ಲಘು ಗುರು ತಿದ್ದಿಸಿಕೊಂಡವರು ಇವರೇ! ಇದನ್ನು ಭೈರವಿಯಲ್ಲಿ ಓದಿ, ಧ್ವನಿ ಮಾಡಿ ಹಾಕುತ್ತೇನೆ.

ಲಘುಗುರು:
ಇದನ್ನು ಓದಿ ನಿನ್ನೆ ರಾತ್ರಿ ಮೊದಲ ಕಂತನ್ನು ಮತ್ತೆ ಹಾಕಿದೆ. ಎಲ್ಲರಿಗಿಂತ ಮೊದಲೆದ್ದ ಡೇಸಿ ಓಣಿಯಲ್ಲಿ ನಡೆದುಬಂದು, ಮಲಗಿದವರ ಬಾಗಿಲು ಬಡಿದು, ಆರು ಗಂಟೆಯಾಯಿತು ಅನ್ನುತ್ತಾಳೆ. ಮುಖ ಸ್ಪಷ್ಟವಾಗಿ ಕಾಣುತ್ತದೆ. ಅಷ್ಟು ಕಂತು ನೋಡಿದ ನನಗೆ ಅವಳು ಹಚ್ಚಿದ ಬೆಂಕಿ ಮಾತ್ರ ನೆನಪಿತ್ತು.