ಪದಚರ್ಚೆ: ‘ಸೀವೇಜ್ ಓವರ್‌ಫ್ಲೋ’ಗೆ ಏನು ಹಾಕೋಣ? ನಾಳೆ ಬೆಳಿಗ್ಗೆ ಫ್ಲೆಕ್ಸ್ ಪ್ರಿಂಟ್‌ಗೆ ಹೋಗಬೇಕು

ಎಲ್ಲರಿಗೂ ನಮಸ್ಕಾರ. ಶ್ರೀರಂಗಪಟ್ಟಣದ ಸ್ನಾನಘಟ್ಟದ ಹತ್ತಿರ ನಾವೊಂದಿಷ್ಟು ಜನ ಸೇರಿ ಕಾವೇರಿ ಮಾಲಿನ್ಯದ ಬಗ್ಗೆ ಚಿತ್ರಪ್ರದರ್ಶನ ಇಡುತ್ತಿದ್ದೇವೆ. ಬೇರೆ ಕಡೆ ಜನ ಹೇಗೆ ಹೋರಾಡಿದರು ಅಂತ ತೋರಿಸುವ ಫಲಕಗಳೂ ಇವೆ. ಹರಿಹರದ್ದು ಸಲೀಸಾಗಿ ಆಯಿತು: ಕಾರ್ಖಾನೆ ನೀರು ತುಂಗಭದ್ರೆಗೆ ಬಿಟ್ಟದ್ದರ ವಿರುದ್ಧ 1980ರ ದಶಕದಲ್ಲಿ ಸಮಾಜ ಪರಿವರ್ತನ ಸಮುದಾಯ ನಡೆಸಿದ ಹೋರಾಟ. ಇಂಗ್ಲೆಂಡಿನ ಫಲಕದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ಕಾರ್ನ್‌ವಾಲ್‌ನಲ್ಲಿ ಅಲೆಯ ಮೇಲೆ ಹಲಗೆ ಸವಾರಿ ಮಾಡುವವರು, ಗಲೀಜು ನೀರಿನಲ್ಲಿ ಈಜಿ ಕಾಯಿಲೆ ಬೀಳೋದು ಸಾಕಾಗಿ, 1990ರಲ್ಲಿ ‘ಸರ್ಫರ್ಸ್ ಅಗೇನ್‌ಸ್ಟ್ ಸೀವೇಜ್’ ಕಟ್ಟಿದರು. ಅಲ್ಲಿನ ಹಳೇ ಊರುಗಳಲ್ಲಿ ಮಳೆ ನೀರಿಗೂ ಕಕ್ಕಸು ನೀರಿಗೂ ಒಂದೇ ಪೈಪು. ಜೋರು ಮಳೆ ಬಂದಾಗ ಮನೆಯೊಳಗೆ ವಾಪಸ್ ನುಗ್ಗದಿರಲಿ ಅಂತ ಅದನ್ನು ಹಾಗೇ ಹೊಳೆಗೋ ಸಮುದ್ರಕ್ಕೋ ಬಿಡುತ್ತಾರೆ. ಮಳೆ ಇಲ್ಲದ ದಿನವೂ ಬಿಡುತ್ತಾರೆ ಅನ್ನೋದು ಜನರ ಸಿಟ್ಟು. ಈ ಏರ್ಪಾಡಿಗೆ ಸದ್ಯ ‘ತ್ಯಾಜ್ಯಜಲ ಹೊರಹರಿವು’ ಅಂತ ಹಾಕಿದ್ದೇನೆ. ಸರಿನಾ?

ಉತ್ತರ (ಮಂಡ್ಯ):
ಸರಿಯಿಲ್ಲ. ನಮ್ಮ ಜಿಲ್ಲೆಯಲ್ಲಿ ‘ಹೊರಹರಿವು’ ಓದಿದವನು ಎಷ್ಟು ಕ್ಯುಸೆಕ್ ಅಂತ ಕೇಳುತ್ತಾನೆ. ಜುಲೈ ಬಂತೆಂದರೆ ಪೇಪರಿನಲ್ಲಿ ದಿನಾ ಅದೇ ಅಲ್ವಾ, ಕೆಆರ್‌ಎಸ್ ಒಳಹರಿವು, ಹೊರಹರಿವು, 124.80 ಅಡಿ. ‘ಚರಂಡಿ ಕೋಡಿ’ ಅನ್ನಿ. ಕೆರೆ ತುಂಬಿದಾಗ ಏರಿ ಒಡೆಯದಿರಲಿ ಅಂತ ಮೊದಲೇ ಕಟ್ಟಿಟ್ಟ ದಾರಿ ಕೋಡಿ. ನೀವು ಹೇಳುತ್ತಿರುವುದೂ ಅದೇ. ಉಕ್ಕುವುದು, ತುಳುಕುವುದು ತಾನಾಗಿ ಆಗುವಂಥದ್ದು, ಇದು ಬೇಕೂಂತ ಬಿಡುವುದು. ಇನ್ನು ‘ತ್ಯಾಜ್ಯಜಲ’, ಕಕ್ಕಸು ನೀರಿಗೆ ಜರಿ ಪಂಚೆ ಉಡಿಸಿದ ಹಾಗಿದೆ, ತೆಗೆಯಿರಿ. ಆ ಹೋರಾಟಗಾರರೇ ಹೆಸರಿನಲ್ಲಿ ನಾಜೂಕು ಮಾಡಲಿಲ್ಲ, ನಿಮಗ್ಯಾಕೆ?

ಉತ್ತರ (ಮೈಸೂರು, ಮಂಡಿ ಮೊಹಲ್ಲಾ):
ಕೆರೆ ಕೋಡಿ ಬಿದ್ದರೆ ಬಾಗಿನ ಕೊಡುವ ಸೀಮೆ ಇದು. ಚರಂಡಿಗೂ ಬಾಗಿನ ಕೊಡೋಣವಾ? ‘ಕೊಳಚೆ’ ಇದೆ, ಸಾಕು. ಕೊಳದಿಂದ ಕೊಳಚೆ, ನಿಂತು ಕೆಟ್ಟ ನೀರು. ಅಚ್ಚಗನ್ನಡ. ಯಾರಾದರೂ ‘ಮೋರಿ ನೀರು’ ಅಂತ ಹೇಳುವ ಮೊದಲೇ ಹೇಳಿಬಿಡುತ್ತೇನೆ, ಅದು ಹಿಂದಿ ಕಡೆಯಿಂದ ಬಂದದ್ದು, ಬೇಡ.

ಉತ್ತರ (ಮಂಡ್ಯ):
ಕೊಳಕ್ಕೂ ಕೊಳಚೆಗೂ ನಂಟಿಲ್ಲ. ಕೊಳೆ, ಕೊಳಕು, ಕೊಳಚೆ, ಎಲ್ಲ ಒಂದೇ ಮನೆಯವು, ಕೊಳೆಯುವುದಕ್ಕೆ ಸೇರಿದವು. ಹರಿಯುವ ನೀರೂ ಕೊಳಚೆ ಆಗುತ್ತದೆ, ಕಾವೇರಿಯನ್ನೇ ನೋಡಿ. ಮೋರಿ ಎಲ್ಲಿಂದಾದರೂ ಬಂದಿರಲಿ, ಮೈಸೂರಿನ ಮನೆಮನೆಯಲ್ಲೂ ಅದೇ ಮಾತು. ಮೊದಲು ನಿಮ್ಮ ವಿಳಾಸದಲ್ಲಿರುವ ‘ಮೊಹಲ್ಲಾ’ಕ್ಕೆ ಅಚ್ಚಗನ್ನಡ ಹುಡುಕಿ ಬನ್ನಿ, ಆಮೇಲೆ ಮೋರಿ ತೊಳೆಯೋಣ. ಕೋಡಿ ಅಂದರೆ ಖುಷಿ ಪಡುವ ಜನ ‘ಚರಂಡಿ ಕೋಡಿ’ ಓದಿ ಮುಖ ಸಿಂಡರಿಸಲಿ, ಫಲಕಕ್ಕೆ ಬೇಕಿರುವುದೇ ಅದು.

ಉತ್ತರ (ಮೈಸೂರು, ಕುವೆಂಪುನಗರ):
ಜಗಳದ ಮಧ್ಯೆ ಒಂದು ಮಾತು. ಸರ್ಕಾರಿ ಕನ್ನಡದ ‘ಸಂಸ್ಕರಿಸದ’ ಮಾತ್ರ ಹಾಕಬೇಡಿ. ಪಶ್ಚಿಮವಾಹಿನಿಗೆ ಅಸ್ಥಿ ಬಿಡಲು ಬಂದವರೂ ನಿಮ್ಮ ಫಲಕ ನೋಡುತ್ತಾರೆ, ಸಂಸ್ಕಾರ ಅಂದರೆ ಅವರಿಗೆ ಆ ದಿನ ಬೇರೆಯೇ ಅರ್ಥ. ‘ಶುದ್ಧ ಮಾಡದ’ ಅನ್ನಿ. ‘ಚರಂಡಿ ಕೋಡಿ’ ನನಗೂ ಒಪ್ಪಿಗೆ, ಆದರೆ ಹೊಸ ಜೋಡಣೆ, ಒಂದು ಸಾಲು ವಿವರಣೆ ಪಕ್ಕದಲ್ಲಿರಲಿ. ಅಂದ ಹಾಗೆ ಫ್ಲೆಕ್ಸ್ ಯಾಕೆ? 2016ರಿಂದ ರಾಜ್ಯದಲ್ಲಿ ನಿಷೇಧ ಇದೆ. ಹೊಳೆ ಉಳಿಸಿ ಅಂತ ಪ್ಲಾಸ್ಟಿಕ್ ಮೇಲೆ ಬರೆಸಿದರೆ ಜನ ನಗುತ್ತಾರೆ. ಬಟ್ಟೆ ಮೇಲೆ ಬರೆಸಿ.

ಕೇಳಿದವನು:
ಬಟ್ಟೆಗೇ ಬರೆಯುವವರು ಪೇಟೆ ಬೀದಿಯಲ್ಲಿ ಸಿಕ್ಕರು, ಅಕ್ಷರಕ್ಕೆ ಇಷ್ಟು ಅಂತ ಲೆಕ್ಕ, ಹಾಗಾಗಿ ಚಿಕ್ಕದು ಮಾಡಿದೆ: ‘ಶುದ್ಧ ಮಾಡದ ಕಕ್ಕಸು ನೀರು ಚರಂಡಿ ಕೋಡಿಯಿಂದ ಸಮುದ್ರಕ್ಕೆ. ಈಜುವವರೇ ಎದ್ದು ನಿಂತರು.’ ಕೋಡಿಗೆ ವಿವರಣೆ ಕೆಳಗೆ ಸಣ್ಣ ಅಕ್ಷರದಲ್ಲಿ. ಎಲ್ಲರಿಗೂ ಥ್ಯಾಂಕ್ಸ್. ಇನ್ನು ಪದ ಬದಲಿಸಲ್ಲ.

ಉತ್ತರ (ಮೈಸೂರು, ಮಂಡಿ ಮೊಹಲ್ಲಾ):
‘ಸಮುದ್ರ’ ಯಾಕೆ? ಕಡಲು ಇದೆಯಲ್ಲ. ಅಕ್ಷರವೂ ಜಾಸ್ತಿ ಆಗಲ್ಲ.